ಶಾಲಾ ಮಕ್ಕಳ ಮತ್ತು ಹಿರಿಯರ ದೈಹಿಕ ಸಾಮರ್ಥ್ಯವನ್ನು ಅಳೆಯುವುದು ಹೇಗೆ, ಅಳೆದ ಮೇಲೆ ಮಾಡುವುದೇನು?

ದೈಹಿಕ ಶಿಕ್ಷಣ ಶಿಕ್ಷಕ, ಕಾರ್ಕಳ ತಾಲೂಕು – ಜುಲೈ 6

ಎಲ್ಲರಿಗೂ ನಮಸ್ಕಾರ. ನಾನು ಕಾರ್ಕಳ ತಾಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೇನೆ. ಬರುವ ಡಿಸೆಂಬರಿನಲ್ಲಿ, ವಾರ್ಷಿಕೋತ್ಸವಕ್ಕೆ ಮೊದಲು, ಒಂದು ದಿನ ಮಕ್ಕಳದ್ದೂ ಅವರ ಅಜ್ಜ ಅಜ್ಜಿಯರದ್ದೂ ದೈಹಿಕ ಸಾಮರ್ಥ್ಯದ ತಪಾಸಣೆ ನಡೆಸಬೇಕೆಂದು ನಮ್ಮ ಹಳೆ ವಿದ್ಯಾರ್ಥಿ ಸಂಘದವರು ತೀರ್ಮಾನಿಸಿದ್ದಾರೆ. ಅದರ ಹೊಣೆ ನನ್ನ ಮೇಲಿದೆ.

ಮಕ್ಕಳ ಮಟ್ಟಿಗೆ ಖೇಲೋ ಇಂಡಿಯಾದ ಪರೀಕ್ಷಾ ಕ್ರಮ ನನಗೆ ಪರಿಚಿತ. ಒಂದರಿಂದ ಮೂರನೇ ತರಗತಿಯವರೆಗೆ ಎತ್ತರ, ತೂಕ ನೋಡಿ ಬಿ.ಎಂ.ಐ. ಲೆಕ್ಕ ಹಾಕುವುದು, ಕಿರಿದಾದ ಹಲಗೆಯ ಮೇಲೆ ಒಂಟಿ ಕಾಲಿನಲ್ಲಿ ನಿಲ್ಲುವ ಫ್ಲೆಮಿಂಗೋ ಸಮತೋಲನ ಮತ್ತು ಎರಡು ವೃತ್ತಗಳನ್ನು ಬೇಗ ಬೇಗ ತಟ್ಟಿಸಿ ಕೈಯ ವೇಗವನ್ನು ನೋಡುವ ಪ್ಲೇಟ್ ಟ್ಯಾಪಿಂಗ್. ನಾಲ್ಕನೇ ತರಗತಿಯಿಂದ ಮೇಲೆ ಬಿ.ಎಂ.ಐ. ಜೊತೆಗೆ 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕುಳಿತು ಮುಂದಕ್ಕೆ ಬಾಗುವುದು, 30 ಸೆಕೆಂಡಿನ ಹೊಟ್ಟೆಯ ಕರ್ಲ್-ಅಪ್ (ಮಲಗಿ ಭುಜ ಎತ್ತುವುದು) ಮತ್ತು ಪುಷ್-ಅಪ್. ಹಿರಿಯರಿಗೆ ಏನು ಮಾಡಿಸಬೇಕೆಂಬುದು ನನಗೆ ಸ್ಪಷ್ಟವಿಲ್ಲ.

ನಾನು ಈ ಪ್ರಶ್ನೆಯನ್ನು ಇಲ್ಲಿ ಹಾಕುವುದಕ್ಕೆ ಇನ್ನೊಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ, ನಾನು ಆಗ ಇದ್ದ ಶಾಲೆಯಲ್ಲಿ, ಮಾರ್ಚ್ ತಿಂಗಳ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಮಕ್ಕಳನ್ನು 600 ಮೀಟರ್ ಓಡಿಸಲಾಯಿತು. ಮೂರನೆಯ ಸುತ್ತಿನಲ್ಲಿ ಒಬ್ಬ ಹುಡುಗ ತಲೆ ತಿರುಗಿ ಕುಳಿತುಬಿಟ್ಟ. ಮರುದಿನ ಪ್ರಾರ್ಥನಾ ಸಭೆಯಲ್ಲಿ ಎಲ್ಲರ ಹೆಸರು, ತೂಕ, ಸಮಯ ಎಲ್ಲವನ್ನೂ ಓದಿ ಹೇಳಲಾಯಿತು. ಆರನೇ ತರಗತಿಯ ಒಬ್ಬಳು ಹುಡುಗಿ ಆ ದಿನದಿಂದ ಆಟದ ಪೀರಿಯಡ್ ಬಂದಾಗಲೆಲ್ಲ ಹೊಟ್ಟೆನೋವೆಂದು ತರಗತಿಯಲ್ಲೇ ಉಳಿಯತೊಡಗಿದಳು. ಆ ಪಟ್ಟಿಯನ್ನು ಓದಿದವನು ನಾನೇ. ಅವಳ ಆರೋಗ್ಯಕ್ಕಾಗಿ ಮಾಡಿದ ಅಳತೆಯೇ ಅವಳನ್ನು ಮೈದಾನದಿಂದ ಹೊರಗೆ ಹಾಕಿತು. ಹಾಗೆ ಮತ್ತೊಮ್ಮೆ ಆಗಬಾರದು ಎಂಬುದಕ್ಕಾಗಿಯೇ ಐದು ತಿಂಗಳು ಮೊದಲೇ ಕೇಳುತ್ತಿದ್ದೇನೆ: ಯಾವ ಪರೀಕ್ಷೆಗಳು ಸಾಕು, ನಮ್ಮೂರಿನ ಮಳೆ ಬಿಸಿಲಿನ ನಡುವೆ ಅವನ್ನು ಯಾವಾಗ ಮಾಡಬೇಕು, ಫಲಿತಾಂಶವನ್ನು ಯಾರಿಗೆ, ಹೇಗೆ ತಿಳಿಸಬೇಕು?

ಫಿಸಿಯೋಥೆರಪಿಸ್ಟ್, ಮಂಗಳೂರು – ಜುಲೈ 7

ಮಾಷ್ಟ್ರೇ, ನಿಮ್ಮ ಮೂರನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳಬೇಕು. ಅಂಕಿ ಕಡಿಮೆ ಬಂದವರಿಗೆ ನಾಳೆಯಿಂದ ಏನು ಮಾಡಿಸುತ್ತೇವೆ ಎಂಬ ಉತ್ತರ ಕೈಯಲ್ಲಿಲ್ಲದಿದ್ದರೆ ಆ ಅಂಕಿಯನ್ನು ತೆಗೆಯುವುದೇ ಬೇಡ. ನಾನು ನೋಡಿದ ಎಷ್ಟೋ ಶಿಬಿರಗಳಲ್ಲಿ ಹಿರಿಯರು ಒಂದು ಚೀಟಿ ಹಿಡಿದುಕೊಂಡು ಮನೆಗೆ ಹೋಗುತ್ತಾರೆ, ಚೀಟಿ ಕ್ಯಾಲೆಂಡರಿನ ಹಿಂದೆ ಸೇರುತ್ತದೆ, ಅಲ್ಲಿಗೆ ಮುಗಿಯಿತು.

ಹಿರಿಯರಿಗೆ ರಿಕ್ಲಿ ಮತ್ತು ಜೋನ್ಸ್ ಎಂಬ ಇಬ್ಬರು ಅಮೆರಿಕದ ಫುಲ್ಲರ್ಟನ್‌ನಲ್ಲಿ ರೂಪಿಸಿದ ಪರೀಕ್ಷಾ ಸಮೂಹವೊಂದಿದೆ. ಸಿ.ಬಿ.ಎಸ್.ಇ. ಹನ್ನೆರಡನೇ ತರಗತಿಯ ದೈಹಿಕ ಶಿಕ್ಷಣದ ಪಾಠದಲ್ಲಿಯೂ ಅದಿದೆ. 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಬಾರಿ ಏಳಬಲ್ಲರು, ತೂಕ ಹಿಡಿದು ಮೊಣಕೈಯನ್ನು ಎಷ್ಟು ಬಾರಿ ಮಡಿಸಬಲ್ಲರು, ಕುರ್ಚಿಯ ಅಂಚಿನಲ್ಲಿ ಕುಳಿತು ಕಾಲ ಬೆರಳನ್ನು ಮುಟ್ಟಬಲ್ಲರೇ, ಬೆನ್ನ ಹಿಂದೆ ಎರಡೂ ಕೈಗಳನ್ನು ತರಬಲ್ಲರೇ, ಎದ್ದು ಎಂಟು ಅಡಿ ನಡೆದು ತಿರುಗಿ ಬಂದು ಕೂರಲು ಎಷ್ಟು ಹೊತ್ತು ಬೇಕು, ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲರು ಎಂಬುದನ್ನು ಅದರಲ್ಲಿ ನೋಡುತ್ತಾರೆ. ಇವೆಲ್ಲವೂ ದಿನನಿತ್ಯದ ಕೆಲಸಗಳೇ ಎಂಬುದನ್ನು ಗಮನಿಸಿ. ಬೆನ್ನ ಹಿಂದೆ ಕೈ ತರಲಾಗದ ಅಜ್ಜಿಗೆ ರವಿಕೆ ತೊಡುವುದೂ ಜಡೆ ಕಟ್ಟುವುದೂ ಕಷ್ಟ.

ಒಂದೇ ದಿನದ ಶಿಬಿರಕ್ಕೆ ಆರೂ ಬೇಡ. ಕುರ್ಚಿಯಿಂದ ಏಳುವುದು, ಎದ್ದು ನಡೆದು ಬರುವುದು, ಸಮತೋಲನ ಈ ಮೂರು ಸಾಕು. ಇವನ್ನು ಸರಿಯಾಗಿ ಮಾಡಿದರೆ ಬೀಳುವ ಅಪಾಯ ಯಾರಿಗೆ ಹೆಚ್ಚು ಎಂಬುದರ ಸುಳಿವು ಸಿಗುತ್ತದೆ.

ಕುರ್ಚಿಯ ವಿಷಯದಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಎಡವುವುದು ಇಲ್ಲಿಯೇ. ಆಸನದ ಎತ್ತರ 43 ಸೆಂಟಿಮೀಟರಿನ ಆಸುಪಾಸಿನಲ್ಲಿರಬೇಕು, ಕೈಹಿಡಿ ಇರಬಾರದು. ಶಾಮಿಯಾನದವರು ತರುವ ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ. ನುಣುಪಾದ ನೆಲದಲ್ಲಿ ಅದು ಹಿಂದಕ್ಕೆ ಜಾರುತ್ತದೆ, ಭಾರಕ್ಕೆ ಬಾಗುತ್ತದೆ. ಶಾಲೆಯಲ್ಲಿ ಮರದ ಕುರ್ಚಿಯಿದ್ದರೆ ಅದರ ಬೆನ್ನನ್ನು ಗೋಡೆಗೆ ತಾಗಿಸಿ ಇಡಿ. ಪಾದ ಪೂರ್ತಿಯಾಗಿ ನೆಲಕ್ಕೆ ತಾಗಬೇಕು. ಗಿಡ್ಡಗಿರುವ ಅಜ್ಜಿಯರು ಸ್ವಲ್ಪ ಮುಂದಕ್ಕೆ ಸರಿದು ಕೂರಲಿ. ಎರಡೂ ಕೈ ಎದೆಯ ಮೇಲೆ ಅಡ್ಡವಾಗಿರಬೇಕು. ಪೂರ್ತಿ ನೇರವಾಗಿ ನಿಂತು ಪೂರ್ತಿ ಕುಳಿತರೆ ಒಂದು ಲೆಕ್ಕ. 30 ಸೆಕೆಂಡ್ ಮುಗಿಯುವಾಗ ಅರ್ಧಕ್ಕಿಂತ ಹೆಚ್ಚು ಎದ್ದಿದ್ದರೆ ಅದನ್ನೂ ಎಣಿಸಬೇಕು. ತೊಡೆಗೆ ಕೈ ಊರಿ ಎದ್ದರೆ ಅಂಕ ಸೊನ್ನೆ. ಆದರೆ ಸೊನ್ನೆ ಎಂದು ಮಾತ್ರ ಬರೆಯದೆ "ಕೈ ಊರಿ 7 ಬಾರಿ" ಎಂದೂ ಬರೆದಿಡಿ. ಮುಂದಿನ ಸಲ ಹೋಲಿಸಲು ಬೇಕಾಗುವುದು ಅದೇ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಕೊಡುವ ಪಟ್ಟಿಯಂತೆ 70ರಿಂದ 74 ವರ್ಷದ ಹೆಂಗಸರು 10ಕ್ಕಿಂತ ಕಡಿಮೆ, ಗಂಡಸರು 12ಕ್ಕಿಂತ ಕಡಿಮೆ ಬಾರಿ ಎದ್ದರೆ ಅದು ಸರಾಸರಿಗಿಂತ ಕೆಳಗೆ. ಇದು ಅಲ್ಲಿನ ಜನರನ್ನು ಅಳೆದು ಮಾಡಿದ ಪಟ್ಟಿ ಎಂಬುದನ್ನು ಮರೆಯಬಾರದು. ಎಚ್ಚರಿಕೆಯ ಗಂಟೆಯಾಗಿ ಬಳಸಬಹುದು, ತೀರ್ಪಾಗಿ ಅಲ್ಲ.

ನಡೆದು ಬರುವ ಪರೀಕ್ಷೆಯಲ್ಲಿ ಎರಡು ಬಗೆಗಳಿವೆ ಮತ್ತು ಜನ ಅವನ್ನು ಬೆರೆಸುತ್ತಾರೆ. ರಿಕ್ಲಿ-ಜೋನ್ಸ್ ಅವರದ್ದು 8 ಅಡಿ, ಎಂದರೆ 2.44 ಮೀಟರ್, ಆದಷ್ಟು ಬೇಗ ನಡೆಯಬೇಕು. 1991ರ ಟೈಮ್ಡ್ ಅಪ್ ಆಂಡ್ ಗೋ 3 ಮೀಟರಿನದ್ದು, ಅದರಲ್ಲಿ ಮಾಮೂಲಿ ನಡಿಗೆ. ಈ ಎರಡನೆಯದಕ್ಕೆ 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಬೀಳುವ ಅಪಾಯವಿದೆ ಎಂದು ಎಣಿಸುತ್ತಾರೆ. ಒಂದರ ದೂರಕ್ಕೆ ಇನ್ನೊಂದರ ಗಡುವನ್ನು ಹಚ್ಚಿದರೆ ಫಲಿತಾಂಶ ತಪ್ಪುತ್ತದೆ.

ಎದೆನೋವು ಇರುವವರನ್ನು, ಇತ್ತೀಚೆಗೆ ಹೃದಯಾಘಾತವಾದವರನ್ನು, ರಕ್ತದೊತ್ತಡ 160/100ಕ್ಕಿಂತ ಮೇಲಿದ್ದು ಹತೋಟಿಗೆ ಬಾರದವರನ್ನು ಪರೀಕ್ಷೆಗೆ ನಿಲ್ಲಿಸಬೇಡಿ. ಮತ್ತು ಪ್ರತಿಯೊಬ್ಬ ಹಿರಿಯರ ಪಕ್ಕದಲ್ಲಿ ಕೈಗೆಟುಕುವಷ್ಟು ಹತ್ತಿರ ಒಬ್ಬರು ನಿಂತಿರಲೇಬೇಕು.

ನಿವೃತ್ತ ಬ್ಯಾಂಕ್ ಉದ್ಯೋಗಿ, ಕದ್ರಿ – ಜುಲೈ 7

ನನಗೀಗ 71 ವರ್ಷ. ಹತ್ತು ವರ್ಷಗಳಿಂದ ಬೆಳಿಗ್ಗೆ ಕದ್ರಿ ಪಾರ್ಕಿನಲ್ಲಿ ನಡೆಯುತ್ತೇನೆ, ಒಂದು ದಿನವೂ ತಪ್ಪಿಸಿದವನಲ್ಲ. ನನ್ನಷ್ಟು ಗಟ್ಟಿಯಾಗಿರುವವರು ನನ್ನ ವಯಸ್ಸಿನಲ್ಲಿ ಕಡಿಮೆ ಎಂದೇ ನಂಬಿದ್ದೆ. ಕಳೆದ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ, ಪಾಚಿ ಕಟ್ಟಿದ ಅಂಗಳದಲ್ಲಿ ಹೂ ಕೊಯ್ಯಲು ಹೋಗಿ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ತೆಗೆದ ಮೇಲೆ ವ್ಯಾಯಾಮ ಹೇಳಿಕೊಟ್ಟವರು ನನ್ನನ್ನು ನಾಲ್ಕು ರೀತಿಯಲ್ಲಿ ನಿಲ್ಲಿಸಿ ನೋಡಿದರು. ಎರಡೂ ಪಾದ ಜೋಡಿಸಿ ನಿಂತದ್ದಾಯಿತು. ಒಂದು ಪಾದವನ್ನು ಅರ್ಧ ಮುಂದಿಟ್ಟು ನಿಂತದ್ದಾಯಿತು. ಒಂದರ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ನಿಲ್ಲಲು ಹೇಳಿದಾಗ ನಾಲ್ಕನೆಯ ಸೆಕೆಂಡಿಗೆ ಗೋಡೆ ಹಿಡಿದೆ. ಹತ್ತು ಸೆಕೆಂಡ್ ನಿಲ್ಲಬೇಕಿತ್ತು. ನಾಲ್ಕನೆಯದಾದ ಒಂಟಿ ಕಾಲಿನ ನಿಲುವಿನ ಮಾತು ಬರಲೇ ಇಲ್ಲ.

ನಡಿಗೆ ಹೃದಯಕ್ಕೆ ಒಳ್ಳೆಯದು, ಸಮತೋಲನಕ್ಕೆ ಅದೊಂದೇ ಸಾಲದು ಎಂದು ನನಗೆ ಅಂದು ಅರ್ಥವಾಯಿತು. ಆದುದರಿಂದ ಮಾಷ್ಟ್ರೇ, ಆರು ನಿಮಿಷದ ನಡಿಗೆಯನ್ನು ಬೇಕಾದರೆ ಬಿಡಿ, ಈ ನಿಲ್ಲುವ ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಚೆನ್ನಾಗಿ ನಡೆಯುವವರಿಗೇ ಅದು ಹೆಚ್ಚು ಬೇಕು, ಏಕೆಂದರೆ ಅವರು ತಮ್ಮ ಬಗ್ಗೆ ಸಂಶಯಪಡುವುದಿಲ್ಲ.

ಫಿಸಿಯೋಥೆರಪಿಸ್ಟ್, ಮಂಗಳೂರು – ಜುಲೈ 7

ನಿಮ್ಮ ಮಾತು ಅಕ್ಷರಶಃ ಸರಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಹಿರಿಯರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಜೊತೆಗೆ ವಾರದಲ್ಲಿ ಕನಿಷ್ಠ ಮೂರು ದಿನ ಸಮತೋಲನ ಮತ್ತು ಶಕ್ತಿಗೆ ಒತ್ತು ಕೊಡುವ ವ್ಯಾಯಾಮ ಬೇಕೆನ್ನುತ್ತದೆ. ಬಿದ್ದವರಲ್ಲಿ ಇನ್ನೊಂದನ್ನೂ ನೋಡಬೇಕು: ಐದು ನಿಮಿಷ ಮಲಗಿಸಿ ರಕ್ತದೊತ್ತಡ ನೋಡಿ, ನಿಂತ ಒಂದು ಮತ್ತು ಮೂರನೆಯ ನಿಮಿಷಕ್ಕೆ ಮತ್ತೆ ನೋಡಿದಾಗ ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದಿದ್ದರೆ, ಕಾಲಿನ ಶಕ್ತಿಗಿಂತ ಮೊದಲು ಮಾತ್ರೆಗಳ ಬಗ್ಗೆ ವೈದ್ಯರಲ್ಲಿ ಮಾತಾಡಬೇಕಾಗುತ್ತದೆ.

ಅಂಗನವಾಡಿ ಟೀಚರ್, ಬ್ರಹ್ಮಾವರ – ಜುಲೈ 8

ಶಾಲೆಗೆ ಬರುವ ಮೊದಲಿನ ಮಕ್ಕಳ ಬಗ್ಗೆ ಎರಡು ಮಾತು ಸೇರಿಸುತ್ತೇನೆ. "ಪಕ್ಕದ ಮನೆಯ ಮಗು ಹನ್ನೊಂದು ತಿಂಗಳಿಗೇ ನಡೆಯಿತು, ನಮ್ಮದು ಇನ್ನೂ ಇಲ್ಲ" ಎಂದು ಕಣ್ಣೀರು ಹಾಕುವ ತಾಯಂದಿರನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ಪ್ರಕಟಿಸಿದ ಅಳತೆಯಂತೆ ಆಧಾರವಿಲ್ಲದೆ ನಡೆಯುವುದು 8.2 ತಿಂಗಳಿಂದ 17.6 ತಿಂಗಳವರೆಗೆ ಯಾವಾಗ ಬಂದರೂ ಸಹಜವೇ. ಸುಮಾರು 4.3 ಶೇಕಡಾ ಮಕ್ಕಳು ಅಂಬೆಗಾಲಿಡದೆಯೇ ನೇರವಾಗಿ ಎದ್ದು ನಿಂತಿದ್ದರು. ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಹಂತಗಳ ಚಿತ್ರಗಳಿವೆ, ಆದರೆ ಹೆಚ್ಚಿನವರು ಲಸಿಕೆಯ ಪುಟವನ್ನು ಮಾತ್ರ ತೆರೆಯುತ್ತಾರೆ.

ಹಾಗೆಂದು ಕಾಯುತ್ತಲೇ ಕೂರಬಾರದು. ಹದಿನೆಂಟು ತಿಂಗಳಾದರೂ ನಡೆಯದ ಮಗುವನ್ನು, ಒಂದೇ ಕೈಯನ್ನು ಬಳಸುತ್ತಾ ಇನ್ನೊಂದನ್ನು ಮುಷ್ಟಿ ಹಿಡಿದೇ ಇರುವ ಮಗುವನ್ನು, ಮೊದಲು ಮಾಡುತ್ತಿದ್ದುದನ್ನು ಈಗ ಬಿಟ್ಟುಬಿಟ್ಟಿರುವ ಮಗುವನ್ನು ತೋರಿಸಲೇಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಬರಬೇಕೆಂಬ ನಿಯಮವಿದೆ. ಮಾಷ್ಟ್ರು ತಮ್ಮ ಶಿಬಿರದ ಪಟ್ಟಿಯನ್ನು ಆ ತಂಡ ಬರುವಾಗ ಎದುರಿಗಿಟ್ಟರೆ ಎರಡೂ ಕೆಲಸಕ್ಕೆ ಬೆಲೆ ಬರುತ್ತದೆ.

ತಾಯಿ, ಸುರತ್ಕಲ್ – ಜುಲೈ 9

ನನ್ನ ಮಗನಿಗೆ ಈಗ ಒಂಬತ್ತು ವರ್ಷ. ಎರಡು ವರ್ಷದ ಹಿಂದೆ ಒಂದು ಶಾಲೆಯಲ್ಲಿ ಇದೇ ಫ್ಲೆಮಿಂಗೋ ಪರೀಕ್ಷೆ ಮಾಡಿಸಿದಾಗ ಅವನು ಮೂವತ್ತು ಸೆಕೆಂಡಿನೊಳಗೆ ಹದಿನೈದಕ್ಕಿಂತ ಹೆಚ್ಚು ಸಲ ಕಾಲು ಊರಿದ್ದರಿಂದ ನಿಯಮದಂತೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ ಸೊನ್ನೆ ಬರೆದರು. "ಮೈ ಬಗ್ಗಿಸುವುದಿಲ್ಲ, ಮೊಬೈಲ್ ಕೊಡಬೇಡಿ" ಎಂದು ನನಗೆ ಹೇಳಿದರು. ನಮ್ಮ ಮನೆಯಲ್ಲಿ ಮಗುವಿನ ಕೈಗೆ ಮೊಬೈಲ್ ಕೊಟ್ಟದ್ದೇ ಇಲ್ಲ.

ಅವನಿಗೆ ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲ. ಚೆಂಡು ಎದೆಗೆ ತಾಗಿದ ಮೇಲೆ ಕೈ ಮುಚ್ಚುತ್ತಿದ್ದ. ಗಂಜಿಗೆ ಚಮಚ ಹಾಕಿದರೆ ಅರ್ಧ ಬಟ್ಟಲ ಹೊರಗೆ. ಮೊದಲು ಕಣ್ಣು ತೋರಿಸಿದೆವು, ದೃಷ್ಟಿ ಸರಿಯಿತ್ತು. ಆಮೇಲೆ ದಿನನಿತ್ಯದ ಕೆಲಸಗಳನ್ನು ಅಭ್ಯಾಸ ಮಾಡಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರು ಮೂವ್‌ಮೆಂಟ್ ಎ.ಬಿ.ಸಿ. ಎಂಬ ಪರೀಕ್ಷೆಯನ್ನು ಮಾಡಿದರು. ರಂಧ್ರಗಳಲ್ಲಿ ಗೂಟಗಳನ್ನು ಇಡುವುದು, ದಾರ ಪೋಣಿಸುವುದು, ಗೆರೆಗಳ ನಡುವೆ ಪೆನ್ನಿನಿಂದ ದಾರಿ ಎಳೆಯುವುದು, ಚೆಂಡು ಹಿಡಿಯುವುದು, ಬೀನ್‌ಬ್ಯಾಗನ್ನು ಗುರಿಗೆ ಎಸೆಯುವುದು, ಹಿಮ್ಮಡಿಗೆ ಬೆರಳು ತಾಗಿಸಿ ನಡೆಯುವುದು, ಕುಂಟುವುದು. ಇವೆಲ್ಲ ಸೇರಿ ಅವನು ತನ್ನ ವಯಸ್ಸಿನ ನೂರು ಮಕ್ಕಳಲ್ಲಿ ಕೊನೆಯ ಐವರ ಸಾಲಿನಲ್ಲಿದ್ದ. ಇದಕ್ಕೆ ಬೆಳವಣಿಗೆಯ ಸಮನ್ವಯ ದೋಷ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಡಿ.ಸಿ.ಡಿ. ಶಾಲಾ ಮಕ್ಕಳಲ್ಲಿ ನೂರಕ್ಕೆ ಐದಾರು ಮಂದಿಗೆ ಇದಿರುತ್ತದೆ ಎಂದು ಅವರು ಹೇಳಿದರು. ಎಂದರೆ ಮೂವತ್ತು ಮಕ್ಕಳ ತರಗತಿಯಲ್ಲಿ ಒಬ್ಬರೋ ಇಬ್ಬರೋ. ಬುದ್ಧಿಗೂ ಸೋಮಾರಿತನಕ್ಕೂ ಇದಕ್ಕೂ ಸಂಬಂಧವಿಲ್ಲ.

ಅವರು ಹೇಳಿಕೊಟ್ಟ ರೀತಿಯೆಂದರೆ ಯಾವ ಕೆಲಸ ಬರುವುದಿಲ್ಲವೋ ಅದನ್ನೇ ತುಂಡು ತುಂಡು ಮಾಡಿ ಅಭ್ಯಾಸ ಮಾಡಿಸುವುದು. ಗುಂಡಿಯನ್ನು ಅರ್ಧ ನಾನು ತೂರಿಸಿ, ಉಳಿದರ್ಧವನ್ನು ಅವನು ಎಳೆಯುವಂತೆ ಬಿಡುವುದು. ಎರಡು ವಾರ ಕಳೆದು ತೂರಿಸುವುದನ್ನೂ ಅವನಿಗೇ ಬಿಡುವುದು. ನಮ್ಮ ಅತ್ತೆಯವರು ತಾವಾಗಿಯೇ ಅಟ್ಟದಿಂದ, ಗುಳಿಗೊಂದರಂತೆ ಕಾಯಿ ಹಾಕುತ್ತಾ ಆಡುವ ಚೆನ್ನೆಮಣೆ ಇಳಿಸಿದರು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಕಾಯಿ. ಮೊದಮೊದಲು ಅವನು ನಾಲ್ಕನ್ನು ಮುಷ್ಟಿಯಲ್ಲಿ ತುಂಬಿಕೊಂಡು ಒಂದೇ ಗುಳಿಗೆ ಎಲ್ಲವನ್ನೂ ಬೀಳಿಸುತ್ತಿದ್ದ. ಅಂಗೈಯಲ್ಲಿ ಮೂರನ್ನು ಬಿಗಿಯಾಗಿ ಉಳಿಸಿಕೊಂಡು, ಒಂದನ್ನು ಮಾತ್ರ ಹೆಬ್ಬೆರಳಿನಿಂದ ಬೆರಳ ತುದಿಗೆ ತಳ್ಳಿ ಬಿಡುವುದು ನಮಗೆ ಕಾಣುವಷ್ಟು ಸುಲಭವಲ್ಲ. ಅವನ ನಾಲಗೆ ಹಲ್ಲಿನ ನಡುವೆ ಸಿಕ್ಕಿಕೊಂಡಿರುತ್ತಿತ್ತು, ಹಣೆಯಲ್ಲಿ ಬೆವರು. ಅತ್ತೆ ಒಂದು ದಿನವೂ "ಬೇಗ ಹಾಕು" ಎನ್ನಲಿಲ್ಲ. ಆಟಿ ಮುಗಿಯುವ ಹೊತ್ತಿಗೆ ಅವನು ಎಣಿಸದೆ ಬಿತ್ತುತ್ತಾ ಹೋಗುವಂತಾದ.

ಮಾಷ್ಟ್ರೇ, ಸೊನ್ನೆ ಬಂದ ಮಗುವನ್ನು ಕಂಡಾಗ ದಯವಿಟ್ಟು "ಇನ್ನೂ ಪ್ರಯತ್ನಿಸು" ಎಂದಷ್ಟೇ ಹೇಳಬೇಡಿ. ಅವನು ಊಟ ಹೇಗೆ ಮಾಡುತ್ತಾನೆ, ಚಪ್ಪಲಿಯ ಪಟ್ಟಿ ಹೇಗೆ ಹಾಕುತ್ತಾನೆ ಎಂದು ಮನೆಯವರನ್ನು ಕೇಳಿ.

ಕ್ರೀಡಾ ಕ್ಲಬ್ ತರಬೇತುದಾರ, ಉಡುಪಿ – ಜುಲೈ 10

ಎಲ್ಲರ ಮಾತನ್ನು ಗೌರವದಿಂದ ಓದಿದೆ. ಆದರೂ ನನ್ನ ಅಭಿಪ್ರಾಯ ಬೇರೆ. ಅಜ್ಜರಕಾಡಿನ ಕ್ರೀಡಾಂಗಣಕ್ಕೆ ಬೆಳಿಗ್ಗೆ ಐದೂವರೆಗೆ ಓಡಿಬರುವ ಮಕ್ಕಳು ಬರುವುದೇ ತಮ್ಮ ಸಮಯ ಇನ್ನೊಬ್ಬರಿಗಿಂತ ಎಷ್ಟು ಮುಂದಿದೆ ಎಂದು ತಿಳಿಯಲು. ಅಂಕಿಯನ್ನು ಮುಚ್ಚಿಟ್ಟರೆ ಸ್ಪರ್ಧೆಯ ಕಿಚ್ಚು ಆರುತ್ತದೆ. ಹಳ್ಳಿಯ ಶಾಲೆಗಳಲ್ಲಿ ಇರುವ ಒಳ್ಳೆಯ ಓಟಗಾರರು ಇಂಥ ಪರೀಕ್ಷೆಗಳಿಂದಲೇ ಬೆಳಕಿಗೆ ಬರಬೇಕಲ್ಲವೇ?

ನಿವೃತ್ತ ದೈಹಿಕ ಶಿಕ್ಷಣ ಉಪನ್ಯಾಸಕ, ಮಂಗಳೂರು – ಜುಲೈ 10

ತರಬೇತುದಾರರು ಎತ್ತಿದ ಪ್ರಶ್ನೆ ಹಳೆಯದು. 1950ರ ದಶಕದಲ್ಲಿ ಕ್ರಾಸ್ ಮತ್ತು ವೆಬರ್ ಎಂಬವರ ಆರು ಸರಳ ಸ್ನಾಯು ಪರೀಕ್ಷೆಗಳಲ್ಲಿ ಅಮೆರಿಕದ ಮಕ್ಕಳಲ್ಲಿ ಸುಮಾರು 58 ಶೇಕಡಾ ಒಂದಲ್ಲ ಒಂದರಲ್ಲಿ ಸೋತರು, ಯುರೋಪಿನ ಮಕ್ಕಳಲ್ಲಿ ಸೋತವರು 9 ಶೇಕಡಾದಷ್ಟು ಮಾತ್ರ. ಆ ಸುದ್ದಿ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಮುಟ್ಟಿ, 1956ರಲ್ಲಿ ಯುವಜನರ ದೈಹಿಕ ಸಾಮರ್ಥ್ಯಕ್ಕಾಗಿ ಒಂದು ಮಂಡಳಿಯೇ ರಚನೆಯಾಯಿತು. ಬಳಿಕ ಅಲ್ಲಿನ ದೈಹಿಕ ಶಿಕ್ಷಣ ಸಂಘ (ಎ.ಎ.ಎಚ್.ಪಿ.ಇ.ಆರ್.) ತಂದ ಪರೀಕ್ಷೆಯಲ್ಲಿ 50 ಗಜದ ಓಟ, 600 ಗಜದ ಓಟ-ನಡಿಗೆ ಇದ್ದವು. ನಮ್ಮ 50 ಮತ್ತು 600 ಮೀಟರುಗಳನ್ನು ನೋಡಿದಾಗಲೆಲ್ಲ ನನಗೆ ಅವೇ ನೆನಪಾಗುತ್ತವೆ. 1966ರಿಂದ ನೂರರಲ್ಲಿ 85 ಮಕ್ಕಳಿಗಿಂತ ಮುಂದಿರುವವರಿಗೆ ಅಧ್ಯಕ್ಷರ ಪ್ರಶಸ್ತಿ ಬಂತು. ಪ್ರಶಸ್ತಿ ಸಿಗದ ದೊಡ್ಡ ಪಾಲಿನ ಮಕ್ಕಳು ಏನಾದರು ಎಂಬ ಚರ್ಚೆ ದಶಕಗಳ ಕಾಲ ನಡೆಯಿತು. 2012-13ರ ಶಾಲಾ ವರ್ಷದ ನಂತರ ಆ ಪರೀಕ್ಷೆಯನ್ನು ಕೈಬಿಟ್ಟು, ಇತರರೊಡನೆ ಹೋಲಿಸದೆ ಆರೋಗ್ಯಕ್ಕೆ ಎಷ್ಟು ಸಾಕು ಎಂಬುದನ್ನು ಮಾತ್ರ ನೋಡುವ ಫಿಟ್‌ನೆಸ್‌ಗ್ರಾಮ್ ಕ್ರಮಕ್ಕೆ ಹೋದರು. 2025ರಲ್ಲಿ ಹಳೆಯದನ್ನು ಮರಳಿ ತರುವ ಆದೇಶವೂ ಹೊರಟಿತು. ಎಂದರೆ ಅಲ್ಲಿಯೂ ವಾದ ಮುಗಿದಿಲ್ಲ.

ನನ್ನ ಅನುಭವದಲ್ಲಿ ಇವೆರಡು ಬೇರೆ ಬೇರೆ ಕೆಲಸಗಳು. ಪ್ರತಿಭೆಯನ್ನು ಹುಡುಕಲು ನಿಂತ ಜಾಗದಿಂದ ಉದ್ದ ಜಿಗಿತ, ಅಂಕುಡೊಂಕು ಓಟ, ಮೆಡಿಸಿನ್ ಬಾಲ್ ಎಸೆತ ಎಂಬ ಬ್ಯಾರೋ ಅವರ ಮೂರು ಪರೀಕ್ಷೆಗಳನ್ನು ಆಸಕ್ತ ಮಕ್ಕಳಿಗೆ ಇನ್ನೊಂದು ದಿನ ಮಾಡಿಸಿ, ಸಮಯವನ್ನು ಹಲಗೆಯಲ್ಲಿ ಬರೆಯಿರಿ, ಯಾರೂ ಬೇಡವೆನ್ನುವುದಿಲ್ಲ. ಇಡೀ ಶಾಲೆಯ ತಪಾಸಣೆ ಇರುವುದು ಹಿಂದುಳಿದವರನ್ನು ಗುರುತಿಸಲು. ಒಂದೇ ದಿನ ಒಂದೇ ಪಟ್ಟಿಯಲ್ಲಿ ಎರಡನ್ನೂ ಮಾಡಹೊರಟರೆ ಗೆದ್ದವನ ಫೋಟೋ ಮಾತ್ರ ಉಳಿಯುತ್ತದೆ.

ಅಳತೆಯ ಶುದ್ಧಿಯ ಬಗ್ಗೆಯೂ ಸ್ವಲ್ಪ ಹೇಳಬೇಕು. 50 ಮೀಟರ್ ಓಟಕ್ಕೆ ಸೀಟಿ ಊದಿ ಗಡಿಯಾರ ಒತ್ತಬೇಡಿ. ಸದ್ದು 50 ಮೀಟರ್ ಬರಲು ಸುಮಾರು 0.15 ಸೆಕೆಂಡ್ ಬೇಕು, ಆದ್ದರಿಂದ ಬಾವುಟ ಇಳಿಯುವುದನ್ನು ಕಣ್ಣಿನಿಂದ ನೋಡಿ ಒತ್ತಬೇಕು. ವಾಲಿಬಾಲ್ ಅಂಗಣದ ಸುತ್ತ ಹಲವು ಸುತ್ತು ಓಡಿಸಿ 600 ಮೀಟರ್ ಎಂದರೆ, ತಿರುವುಗಳಲ್ಲೇ ಮಗುವಿನ ವೇಗ ಹೋಗುತ್ತದೆ. 200 ಮೀಟರಿನ ಟ್ರ್ಯಾಕಿನಲ್ಲಿ ಮೂರು ಸುತ್ತು ಓಡಿದ ಮಗುವಿನ ಜೊತೆಗೆ ಅದನ್ನು ಹೋಲಿಸಲಾಗದು. ಕುಳಿತು ಬಾಗುವ ಪರೀಕ್ಷೆಯಲ್ಲಿ ಕಾಲು ಉದ್ದ, ಕೈ ಗಿಡ್ಡ ಇರುವ ಮಗುವಿಗೆ ಮೈ ಸಡಿಲವಿದ್ದರೂ ಅಂಕಿ ಕಡಿಮೆ ಬರುತ್ತದೆ. ಶಿಬಿರಕ್ಕೆ ಮೊದಲು ಹತ್ತು ಮಕ್ಕಳನ್ನು ಇಬ್ಬರು ಶಿಕ್ಷಕರು ಬೇರೆ ಬೇರೆಯಾಗಿ ಅಳೆದು, ವಾರ ಬಿಟ್ಟು ಮತ್ತೆ ಅಳೆದು ನೋಡಿ. ಆ ನಾಲ್ಕು ಅಂಕಿಗಳು ಒಂದಕ್ಕೊಂದು ಹತ್ತಿರವಿಲ್ಲದಿದ್ದರೆ ದೋಷ ಮಕ್ಕಳದ್ದಲ್ಲ.

ಕ್ರೀಡಾ ಕ್ಲಬ್ ತರಬೇತುದಾರ, ಉಡುಪಿ – ಜುಲೈ 11

ಎರಡು ದಿನ ಬೇರೆ ಮಾಡುವ ಸಲಹೆಯನ್ನು ಒಪ್ಪುತ್ತೇನೆ, ಸಾರ್. ಆಯ್ಕೆಯ ದಿನಕ್ಕೆ ನಾನೂ ನಮ್ಮ ಹುಡುಗರೂ ಬಂದು ಕೆಲಸ ಮಾಡುತ್ತೇವೆ.

ಮಗಳು, ಕಾಪು – ಜುಲೈ 12

ನನ್ನ ಅಮ್ಮನಿಗೆ 73 ವರ್ಷ. ನಲವತ್ತು ವರ್ಷ ಬೀಡಿ ಕಟ್ಟಿದವರು, ಈಗಲೂ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಮಲ್ಲಿಗೆ ಕಟ್ಟುತ್ತಾರೆ. ಬೆರಳು ನನಗಿಂತ ಚುರುಕು. ದೇವಸ್ಥಾನದಲ್ಲಿ ಪಂಕ್ತಿಯಲ್ಲಿ ಕೂತು ಊಟ ಮಾಡಿ ಏಳುತ್ತಾರೆ. ಆದರೆ ಕುರ್ಚಿಯ ಪರೀಕ್ಷೆಯನ್ನು ಮನೆಯಲ್ಲಿ ಮಾಡಿ ನೋಡಿದಾಗ ಎಂಟೇ ಬಾರಿ ಎದ್ದರು. ನೆಲದಿಂದ ಏಳುವವರಿಗೆ ಕುರ್ಚಿಯಿಂದ ಏಳಲು ಕಷ್ಟವೇ? ನೆಲದಲ್ಲಿ ಕೂತು ಏಳುವ ಪರೀಕ್ಷೆಯೂ ಒಂದಿದೆ, ಅದರಲ್ಲಿ ಆಯುಷ್ಯವೇ ಗೊತ್ತಾಗುತ್ತದೆ ಎಂಬ ವಿಡಿಯೋವನ್ನು ಎಲ್ಲರೂ ಕಳಿಸುತ್ತಿದ್ದಾರೆ. ನಮ್ಮ ಕಡೆಯವರಿಗೆ ಅದೇ ಸರಿಯಲ್ಲವೇ?

ಫಿಸಿಯೋಥೆರಪಿಸ್ಟ್, ಮಂಗಳೂರು – ಜುಲೈ 12

ಅಕ್ಕ, ತುಂಬಾ ಒಳ್ಳೆಯ ಪ್ರಶ್ನೆ. ಆ ಪರೀಕ್ಷೆ ಬ್ರೆಜಿಲ್‌ನ ಅರೌಜೊ ಎಂಬ ವೈದ್ಯರ ತಂಡದ್ದು. ಕೂರಲು 5, ಏಳಲು 5, ಒಟ್ಟು 10 ಅಂಕ. ಕೈಯೋ ಮೊಣಕಾಲೋ ಊರಿದರೆ ಪ್ರತಿಯೊಂದಕ್ಕೆ 1 ಕಳೆಯುವುದು, ಓಲಾಡಿದರೆ ಅರ್ಧ ಕಳೆಯುವುದು. 51ರಿಂದ 80 ವರ್ಷದ 2,002 ಮಂದಿಯನ್ನು ಕೆಲವು ವರ್ಷ ಗಮನಿಸಿ 2012ರಲ್ಲಿ ಪ್ರಕಟಿಸಿದಾಗ, ಅಂಕ ಹೆಚ್ಚಿದಂತೆ ಬದುಕುಳಿಯುವ ಸಾಧ್ಯತೆಯೂ ಹೆಚ್ಚೆಂದು ಕಂಡುಬಂತು. ಅಂಕಕ್ಕೂ ಆಯುಷ್ಯಕ್ಕೂ ನಂಟು ಕಂಡಿತೆಂದರೆ ಅಂಕವೇ ಆಯುಷ್ಯವನ್ನು ಬರೆಯುತ್ತದೆ ಎಂದಲ್ಲ. ಆ ವಿಡಿಯೋ ನೋಡಿ ಒಬ್ಬರೇ ಕೋಣೆಯಲ್ಲಿ ಪ್ರಯತ್ನಿಸಿ ಬಿದ್ದವರನ್ನು ನಾನು ನೋಡಿದ್ದೇನೆ.

ನೆಲದಲ್ಲಿ ಕೂರುವ ರೂಢಿ ಇರುವವರಿಗೆ ಸೊಂಟ, ಮಂಡಿ, ಪಾದದ ಕೀಲುಗಳ ಸಡಿಲತೆ ಚೆನ್ನಾಗಿರುತ್ತದೆ, ಏಳುವ ಉಪಾಯವೂ ಕೈಗೂಡಿರುತ್ತದೆ. ಅಮ್ಮ ಏಳುವಾಗ ಒಂದು ಕೈಯನ್ನು ಮಂಡಿಗೆ ಊರಿ, ಪಕ್ಕಕ್ಕೆ ವಾಲಿ ಏಳುತ್ತಾರೆಯೇ ಎಂದು ನೋಡಿ. ಹೌದಾದರೆ ಕೈ ಮಾಡುತ್ತಿರುವುದು ತೊಡೆಯ ಕೆಲಸ. ಕುರ್ಚಿಯ ಪರೀಕ್ಷೆಯಲ್ಲಿ ಕೈಯನ್ನು ಕಟ್ಟಿಬಿಡುತ್ತೇವೆ, ಅದೂ ಮೂವತ್ತು ಸೆಕೆಂಡ್ ಬಿಡದೆ. ಹಾಗಾಗಿ ತೊಡೆಯ ಶಕ್ತಿ ಮತ್ತು ಅದು ಉಳಿಯುವ ಅವಧಿ ಎರಡೂ ಬಯಲಾಗುತ್ತವೆ. ಎರಡೂ ನಿಜ, ಎರಡೂ ಬೇರೆ ಬೇರೆ ಸಂಗತಿ. ಶಿಬಿರದಲ್ಲಿ ನೆಲದ ಪರೀಕ್ಷೆ ಬೇಡ. ಮಂಡಿ ಸವೆದವರು ಹೆಚ್ಚು, ಜಾಗ ಕಡಿಮೆ.

ಅಮ್ಮನಿಗೆ ದಿನ ಬಿಟ್ಟು ದಿನ, ಗೋಡೆಗೆ ತಾಗಿಸಿದ ಕುರ್ಚಿಯಿಂದ ಐದು ಸಲ ನಿಧಾನವಾಗಿ ಏಳಿಸಿ, ವಿಶ್ರಾಂತಿ ಕೊಟ್ಟು ಮತ್ತೆ ಐದು ಸಲ. ಏಳುವುದಕ್ಕಿಂತ ಕೂರುವುದು ನಿಧಾನವಾಗಿರಲಿ. ಆಮೇಲೆ ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಮಂಡಿ ನೋವು ಹೆಚ್ಚಾದರೆ ನಿಲ್ಲಿಸಿ ತೋರಿಸಿ.

ದೈಹಿಕ ಶಿಕ್ಷಣ ಶಿಕ್ಷಕ, ಕಾರ್ಕಳ ತಾಲೂಕು – ಜುಲೈ 20

ಎಲ್ಲರಿಗೂ ಋಣಿ. ನೀವು ಹೇಳಿದ ಮೇಲೆ ಮಾಡಿಕೊಂಡ ತೀರ್ಮಾನಗಳನ್ನು ತಿಳಿಸುತ್ತೇನೆ. ಎಲ್ಲವನ್ನೂ ಡಿಸೆಂಬರಿಗೆ ಇಡುವುದಿಲ್ಲ. ಈ ಮಳೆಯಲ್ಲಿ ಮೈದಾನ ಕೆಸರಾಗಿರುವುದರಿಂದ ಒಳಗೆ ಮಾಡಬಹುದಾದ ಸಮತೋಲನ, ಪ್ಲೇಟ್ ಟ್ಯಾಪಿಂಗ್, ಬಾಗುವುದು, ಕರ್ಲ್-ಅಪ್ ಇವನ್ನು ಆಗಸ್ಟಿನಲ್ಲಿ ತರಗತಿವಾರು ಮುಗಿಸುತ್ತೇನೆ. ಜಗಲಿಯ ನೆಲ ತೇವ ಇರುವ ದಿನ ಮಾಡುವುದಿಲ್ಲ. ಓಟವನ್ನು ಡಿಸೆಂಬರಿನಲ್ಲಿ, ಬೆಳಿಗ್ಗೆ ಎಂಟೂವರೆಯೊಳಗೆ. ಆಸ್ತಮಾ, ಹೃದಯದ ತೊಂದರೆ, ಅಪಸ್ಮಾರ ಇದೆಯೇ ಎಂದು ಪೋಷಕರಿಂದ ಮೊದಲೇ ಬರೆಸಿಕೊಳ್ಳುತ್ತೇನೆ. ಹುಡುಗಿಯರ ಎತ್ತರ, ತೂಕ, ಕರ್ಲ್-ಅಪ್ ಮೂರನ್ನೂ ಮಹಿಳಾ ಟೀಚರ್ ಒಬ್ಬರೇ ಬೇರೆ ಕೋಣೆಯಲ್ಲಿ ನೋಡುತ್ತಾರೆ. ಬಿ.ಎಂ.ಐ.ಯನ್ನು ದೊಡ್ಡವರ ಲೆಕ್ಕದಲ್ಲಿ ಅಲ್ಲ, ಭಾರತೀಯ ಮಕ್ಕಳ ವೈದ್ಯರ ಸಂಘದ 2015ರ ವಯೋವಾರು ನಕ್ಷೆಯಲ್ಲಿ ನೋಡಿ, ಪೋಷಕರಿಗೆ ಮಾತ್ರ ಲಕೋಟೆಯಲ್ಲಿ ಕೊಡುತ್ತೇನೆ.

ಫ್ಲೆಮಿಂಗೋ ಹಲಗೆಗೆ 50 ಸೆಂಟಿಮೀಟರ್ ಉದ್ದ, 5 ಎತ್ತರ, 3 ಅಗಲ ಎಂದು ಬರೆದು ಊರಿನ ಬಡಗಿಗೆ ಕೊಟ್ಟೆ. ಹಲಸಿನ ಮರದ ತುಂಡಿನಿಂದ ಎರಡು ಮಾಡಿಕೊಟ್ಟಿದ್ದಾರೆ. ಪ್ಲೇಟ್ ಟ್ಯಾಪಿಂಗಿಗೆ ರಟ್ಟಿನ 20 ಸೆಂಟಿಮೀಟರ್ ವೃತ್ತಗಳನ್ನು ಕತ್ತರಿಸಿ, ಕೇಂದ್ರದಿಂದ ಕೇಂದ್ರಕ್ಕೆ 60 ಸೆಂಟಿಮೀಟರ್ ಇರುವಂತೆ ಅಂಟಿಸಿದ್ದೇನೆ. ಶಿಕ್ಷಕರ ಮೇಜಿನಲ್ಲಿ ಒಂದನೇ ತರಗತಿಯ ಮಗುವಿನ ಗಲ್ಲ ಮೇಜಿನ ಅಂಚಿಗೆ ಬರುತ್ತಿತ್ತು. ಈಗ ನಲಿಕಲಿಯ ಗಿಡ್ಡ ಮೇಜಿಗೆ ಬದಲಾಯಿಸಿದ್ದೇನೆ, ಅದು ಅವರ ಹೊಕ್ಕುಳಿನಿಂದ ಸ್ವಲ್ಪ ಕೆಳಗಿದೆ.

ದೈಹಿಕ ಶಿಕ್ಷಣ ಶಿಕ್ಷಕ, ಕಾರ್ಕಳ ತಾಲೂಕು – ಡಿಸೆಂಬರ್ 14

ತಡವಾದುದಕ್ಕೆ ಕ್ಷಮೆ ಇರಲಿ. ಎರಡೂ ಹಂತ ಮುಗಿದವು. ಆಗಸ್ಟಿನಲ್ಲಿ ನಾನೂ ಇನ್ನೊಬ್ಬ ಶಿಕ್ಷಕರೂ ಹತ್ತು ಮಕ್ಕಳನ್ನು ಅಳೆದಾಗ ಕರ್ಲ್-ಅಪ್‌ನಲ್ಲಿ ಇಬ್ಬರ ಎಣಿಕೆಗೂ ಬಹಳ ಅಂತರ ಬಂತು. ಭುಜ ಎಷ್ಟು ಎದ್ದರೆ ಒಂದು ಎಂದು ನಾವು ಬೇರೆ ಬೇರೆಯಾಗಿ ತಿಳಿದಿದ್ದೆವು. ಅದನ್ನು ಸರಿಪಡಿಸಿಕೊಂಡು ಮತ್ತೆ ಮೊದಲಿನಿಂದ ಮಾಡಿದೆವು. ಸಮತೋಲನದಲ್ಲಿಯೂ ಟ್ಯಾಪಿಂಗ್‌ನಲ್ಲಿಯೂ ತೀರಾ ಹಿಂದೆ ಇದ್ದ ಮೂರು ಮಕ್ಕಳ ಮನೆಗಳಿಗೆ ನಾನೇ ಹೋಗಿ, ಸುರತ್ಕಲ್‌ನ ಅಕ್ಕ ಹೇಳಿದಂತೆ ಊಟ, ಗುಂಡಿ, ಚಪ್ಪಲಿಯ ಬಗ್ಗೆ ಕೇಳಿದೆ. ಒಬ್ಬನಿಗೆ ಬೇಕಾಗಿದ್ದುದು ಕನ್ನಡಕ, ಸಿಕ್ಕಿದೆ. ಉಳಿದಿಬ್ಬರ ಹೆಸರನ್ನು ಬಾಲ ಸ್ವಾಸ್ಥ್ಯ ತಂಡದ ವೈದ್ಯರಿಗೆ ಕೊಟ್ಟಿದ್ದೇವೆ.

ಹಿರಿಯರು 34 ಮಂದಿ ಬಂದರು. ಒಬ್ಬ ಅಜ್ಜ ಹಿಮ್ಮಡಿಗೆ ಬೆರಳು ಜೋಡಿಸಿ ಹತ್ತು ಸೆಕೆಂಡ್ ನಿಂತಾಗ ಅವರ ಮೊಮ್ಮಗಳು ಗಟ್ಟಿಯಾಗಿ ಎಣಿಸಿದಳು, ಹತ್ತು ಆದ ಮೇಲೂ ನಿಲ್ಲಿಸದೆ ಹದಿನೇಳರವರೆಗೆ. ನಿಲ್ಲಲಾಗದ ಹನ್ನೊಂದು ಮಂದಿಗೆ ಪ್ರತಿ ಸೋಮವಾರ, ಬುಧವಾರ, ಶುಕ್ರವಾರ ಸಂಜೆ ನಾಲ್ಕೂವರೆಗೆ ಶಾಲೆಯ ಜಗಲಿಯಲ್ಲಿ ಅರ್ಧ ಗಂಟೆಯ ಅಭ್ಯಾಸ ಆರಂಭಿಸಿದ್ದೇವೆ. ಮೊದಲ ದಿನ ಆರು ಮಂದಿ ಬಂದರು, ನಿನ್ನೆ ಒಂಬತ್ತು. ಮಾರ್ಚ್ ಎರಡನೆಯ ವಾರ ಅದೇ ಕುರ್ಚಿಯಲ್ಲಿ, ಅದೇ ಗೋಡೆಯ ಪಕ್ಕ, ಮತ್ತೆ ಅಳೆಯುತ್ತೇವೆ.

ಮಗಳು, ಕಾಪು – ಡಿಸೆಂಬರ್ 15

ಅಮ್ಮ ಈಗ ಹನ್ನೊಂದು ಬಾರಿ ಏಳುತ್ತಾರೆ. ನೆಲದಿಂದ ಏಳುವಾಗ ಮಂಡಿಗೆ ಕೈ ಊರುವುದು ಮಾತ್ರ ಇನ್ನೂ ಬಿಟ್ಟಿಲ್ಲ. ಕಾಪುವಿನಲ್ಲಿ ಇಂಥ ಸಂಜೆಯ ಅಭ್ಯಾಸ ಆರಂಭಿಸಲು ನಾವು ನಾಲ್ಕೈದು ಮನೆಯವರು ಮಾತಾಡಿಕೊಂಡಿದ್ದೇವೆ, ಮಾಷ್ಟ್ರೇ. ನಿಮ್ಮ ಶಾಲೆಗೆ ಒಂದು ಬುಧವಾರ ಬಂದು ನೋಡಬಹುದೇ?

ದೈಹಿಕ ಶಿಕ್ಷಣ ಶಿಕ್ಷಕ, ಕಾರ್ಕಳ ತಾಲೂಕು – ಡಿಸೆಂಬರ್ 15

ಖಂಡಿತ ಬನ್ನಿ ಅಕ್ಕ, ಅಮ್ಮನನ್ನೂ ಕರೆದುಕೊಂಡು ಬನ್ನಿ. ನಾಲ್ಕು ಗಂಟೆಗೆ ಬಂದರೆ ಕುರ್ಚಿಗಳನ್ನು ಇಡುವಾಗಲೇ ಎತ್ತರ, ಅಂತರ ಎಲ್ಲವನ್ನೂ ತೋರಿಸುತ್ತೇನೆ.